ಎಡೆದೊರೆ ನಾಡಿನ ಮಕ್ಕಳು, ರಾಜ್ಯದ ಲಾಂಛನಗಳು

ರಾಜ್ಯೋತ್ಸವ ಹತ್ತಿರ ಬಂತೆಂದರೆ ರಾಯಚೂರು, ದೇವದುರ್ಗ, ಮಾನ್ವಿಯ ಶಾಲೆಗಳಲ್ಲಿ ಒಂದು ಪಟ್ಟಿ ಬಾಯಿಪಾಠವಾಗುತ್ತದೆ. ರಾಜ್ಯಪ್ರಾಣಿ ಆನೆ, ರಾಜ್ಯಪಕ್ಷಿ ನೀಲಕಂಠ, ರಾಜ್ಯವೃಕ್ಷ ಶ್ರೀಗಂಧ, ರಾಜ್ಯಪುಷ್ಪ ಕಮಲ, ರಾಜ್ಯ ಲಾಂಛನ ಗಂಡಭೇರುಂಡ. ಈಚಿನ ವರ್ಷಗಳಲ್ಲಿ ಸದರ್ನ್ ಬರ್ಡ್‌ವಿಂಗ್ ಎಂಬ ಚಿಟ್ಟೆಯೂ ಸೇರಿಕೊಂಡಿದೆ. ಕೊಡಗಿನ ಮಗುವೂ ಬೀದರಿನ ಮಗುವೂ ಇದೇ ಪಟ್ಟಿಯನ್ನು ಇದೇ ಕ್ರಮದಲ್ಲಿ ಹೇಳುತ್ತವೆ. ಪಟ್ಟಿಯಲ್ಲಿ ತಪ್ಪಿಲ್ಲ, ಅದನ್ನು ಕಲಿಸುವುದೂ ಸರಿಯೇ. ಆದರೆ ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲದಲ್ಲಿ ಅದನ್ನು ಕಲಿಸುವ ರೀತಿಯ ಬಗ್ಗೆ ತಕರಾರು ಎತ್ತಲೇಬೇಕಾಗಿದೆ. ಇಲ್ಲಿಯ ಮಕ್ಕಳಿಗೆ ಈ ಪಟ್ಟಿ ಹಿಂದುಮುಂದಿಲ್ಲದ ಹೆಸರುಗಳ ಸಾಲಾಗಿ ಸಿಗುತ್ತಿದೆ. ಇದರ ಅರ್ಧ ಭಾಗಕ್ಕೆ ರಾಯಚೂರಿನ ಮಣ್ಣಲ್ಲೇ ಬೇರುಗಳಿವೆ, ಅದನ್ನು ಯಾರೂ ಹೇಳುವುದಿಲ್ಲ. ಇನ್ನರ್ಧ ಈ ನೆಲದಲ್ಲಿ ಹುಟ್ಟಿ ಬೆಳೆದದ್ದಲ್ಲ, ಅದನ್ನೂ ಹೇಳುವುದಿಲ್ಲ. ಮೊದಲನೆಯದನ್ನು ಚರಿತ್ರೆಯಾಗಿ ಕಲಿಸಬೇಕು, ಎರಡನೆಯದರ ಪಕ್ಕಕ್ಕೆ ಈ ನೆಲದ ಸ್ವಂತ ಜೀವಿಗಳನ್ನು ತಂದು ನಿಲ್ಲಿಸಬೇಕು ಎಂಬುದು ನನ್ನ ವಾದ.

ಲಾಂಛನಗಳು ಬದಲಾಗುವುದನ್ನು ರಾಯಚೂರಿನಷ್ಟು ಹತ್ತಿರದಿಂದ ಕಂಡ ಊರುಗಳು ಕರ್ನಾಟಕದಲ್ಲಿ ಕಡಿಮೆ. ನೂರು ವರ್ಷಗಳ ಹಿಂದೆ ಇಲ್ಲಿನ ಮಗುವಿನ ಕೈಗೆ ದಿನವೂ ಬರುತ್ತಿದ್ದ ರಾಜ್ಯಚಿಹ್ನೆ ಚಾರ್‌ಮಿನಾರ್. ನಿಜಾಮರ ಹಾಲಿ ಸಿಕ್ಕಾ ನಾಣ್ಯದ ಒಂದು ಮುಖದಲ್ಲಿ ಅದರ ಚಿತ್ರವಿತ್ತು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದ ನಾಣ್ಯಗಳಲ್ಲಿ ಆ ನಾಲ್ಕು ಮಿನಾರುಗಳ ನಡುವಿನ ಬಾಗಿಲ ಕಮಾನಿನೊಳಗೆ ಅವರ ಹೆಸರಿನ ಮೊದಲಕ್ಷರವನ್ನು ಅಚ್ಚೊತ್ತಲಾಗಿತ್ತು. ಸಂತೆಯಲ್ಲಿ ಬೆಲ್ಲ ಕೊಂಡವನೂ ಕಂದಾಯ ಕಟ್ಟಿದವನೂ ಅದನ್ನು ನೋಡಿಯೇ ಇರುತ್ತಿದ್ದರು. ಹೈದರಾಬಾದ್ ಸರ್ಕಾರದ ಕಾಗದದ ನೋಟಿನ ಮೇಲೆ ಮೌಲ್ಯವನ್ನು ಉರ್ದು, ಇಂಗ್ಲಿಷ್, ತೆಲುಗು, ಮರಾಠಿಗಳ ಜೊತೆಗೆ ಕನ್ನಡದಲ್ಲೂ ಬರೆದಿರುತ್ತಿತ್ತು. ಆ ನೋಟಿನಲ್ಲಿ ಕನ್ನಡಕ್ಕೆ ಸಿಕ್ಕ ಜಾಗವನ್ನು ಗಮನಿಸಿ: ಬೆಲೆ ಹೇಳುವಷ್ಟಕ್ಕೆ ಕನ್ನಡ ಸಾಕಾಗಿತ್ತು. ಆಡಳಿತಕ್ಕೆ, ಕೋರ್ಟಿಗೆ, ಮೇಲಿನ ಓದಿಗೆ ಉರ್ದುವೇ ಬೇಕಿತ್ತು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ದೇಶಭಾಷೆಯೊಂದನ್ನು ಉನ್ನತ ಶಿಕ್ಷಣದ ಮಾಧ್ಯಮ ಮಾಡಿ ದೊಡ್ಡ ಸಾಹಸವನ್ನೇ ಮಾಡಿತು. ಆದರೆ ಆ ದೇಶಭಾಷೆ ಉರ್ದುವಾಗಿತ್ತು, ಎರೆ ಹೊಲದ ರೈತನ ಮಗ ಮನೆಯಲ್ಲಿ ಆಡುತ್ತಿದ್ದ ಭಾಷೆಯಾಗಿರಲಿಲ್ಲ.

ಆ ಕಾಲದಲ್ಲೇ ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್ದರ್ದ್ ಶಾಲೆ ಕಟ್ಟಿದರು. ಮಕ್ಕಳು ತಮ್ಮ ನೆಲ, ತಮ್ಮ ನುಡಿ, ತಮ್ಮ ಮೈಮನಸ್ಸುಗಳನ್ನು ಅರಿತು ಬೆಳೆಯಬೇಕೆಂಬ ಹಂಬಲ ಅವರದಾಗಿತ್ತು. ಮುಂದೆ ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದ್ದೂ, ‘ಪ್ರೇಮ’ ಪತ್ರಿಕೆ ನಡೆಸಿದ್ದೂ ಅವರೇ. 1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮೊದಲ ಸಲ ರಾಯಚೂರಿಗೆ ಬಂದಾಗ ಅಧ್ಯಕ್ಷತೆ ವಹಿಸಿದವರು ಪಂಜೆ ಮಂಗೇಶರಾಯರು. ಕನ್ನಡದ ಮಕ್ಕಳಿಗೆ ಹಾವು, ಹಕ್ಕಿ, ಕಡಲುಗಳನ್ನು ಭಯವಿಲ್ಲದೆ ನೋಡಲು ಕಲಿಸಿದ ಕವಿ ಅವರು. ‘ನಾಗರ ಹಾವೆ’ ಬರೆದ ಮೇಷ್ಟ್ರು ನಿಜಾಮರ ಸೀಮೆಗೆ ಬಂದು ಕನ್ನಡಿಗರ ಸಭೆಯ ಮುಂದೆ ನಿಂತದ್ದು ಸಣ್ಣ ಸಂಗತಿಯಲ್ಲ. ಕನ್ನಡದ ಶಾಲೆಗೇ ಕಷ್ಟವಿದ್ದ ಸೀಮೆಯಲ್ಲಿ ಸಮ್ಮೇಳನದ ಹಿರಿಯ ಪೀಠಕ್ಕೆ ಮಕ್ಕಳ ಕವಿಯನ್ನು ಕೂರಿಸಿದ ಆ ಸಂದರ್ಭ, ಮಕ್ಕಳ ಕಲಿಕೆಯೇ ನಾಡಿನ ಕಲಿಕೆಯ ಬುನಾದಿ ಎಂಬುದನ್ನು ತಾನಾಗಿಯೇ ಹೇಳಿತು. ಇಂದಿನ ಶಾಲೆಗಳಲ್ಲಿ ಈ ಎರಡು ಹೆಸರುಗಳು ರಾಜ್ಯೋತ್ಸವದ ದಿನ ಎಷ್ಟು ಕೇಳಿಬರುತ್ತವೆ ಎಂಬುದನ್ನು ರಾಯಚೂರಿನ ಓದುಗರೇ ಹೇಳಬೇಕು.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1950ರ ದಶಕದಲ್ಲಿ ಹಾಲಿ ಸಿಕ್ಕಾ ಚಲಾವಣೆಯಿಂದ ಹೋಗಿ ಅಶೋಕನ ಸಿಂಹಗಳ ರೂಪಾಯಿ ಕೈಗೆ ಬಂತು. 1956ರ ನವೆಂಬರ್ 1ರಂದು ರಾಯಚೂರು, ಗುಲಬರ್ಗಾ, ಬೀದರ ಜಿಲ್ಲೆಗಳ ಕನ್ನಡ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಿದವು. ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರದ ಪಾಲಾದವು. ಅದೇ ವರ್ಷ ಸಾಹಿತ್ಯ ಸಮ್ಮೇಳನ ಎರಡನೆಯ ಬಾರಿ ರಾಯಚೂರಿನಲ್ಲಿ ಸೇರಿತ್ತು, ಅಧ್ಯಕ್ಷರು ಆದ್ಯ ರಂಗಾಚಾರ್ಯರು. ಏಕೀಕರಣದ ಸಂತೋಷ ದೊಡ್ಡದು. ಆದರೆ ಮೈಸೂರು ಅರಮನೆಯ ಆಳ್ವಿಕೆಯನ್ನು ಎಂದೂ ಕಾಣದ ಮಾನ್ವಿಯ ಮಗು ಮುಂದಿನ ಹದಿನೇಳು ವರ್ಷ ‘ಮೈಸೂರು ರಾಜ್ಯ’ದ ಮಗು ಎನಿಸಿಕೊಂಡಿತು. 1973ರ ನವೆಂಬರ್ 1ರಂದು ಕರ್ನಾಟಕ ಎಂಬ ಹೆಸರು ಬಂತು, ಲಾಂಛನ ಮಾತ್ರ ಒಡೆಯರ ಗಂಡಭೇರುಂಡವೇ ಉಳಿಯಿತು. ಇಪ್ಪತ್ತೈದು ವರ್ಷಗಳೊಳಗೆ ಒಂದೇ ಊರಿನ ಶಾಲೆಯ ಗೋಡೆಯ ಮೇಲೆ ಮೂರು ರಾಜ್ಯಗಳ ಹೆಸರು ಬಂದು ಹೋದವು. ನಕ್ಷೆ ಬದಲಾಯಿತು, ಪಠ್ಯ ಬದಲಾಯಿತು, ಮೇಷ್ಟ್ರು ಅವರೇ ಇದ್ದರು. ಈ ಬದಲಾವಣೆ ಯಾಕಾಯಿತು ಎಂದು ಮಕ್ಕಳಿಗೆ ಬಿಡಿಸಿ ಹೇಳುವ ಪಾಠವನ್ನು ಮಾತ್ರ ನಾವು ಇನ್ನೂ ಸರಿಯಾಗಿ ಬರೆದಿಲ್ಲ.

ಇಲ್ಲಿಂದಲೇ ಒಂದು ಅಸಮಾಧಾನ ಹುಟ್ಟಿದೆ, ಅದನ್ನು ನೇರವಾಗಿಯೇ ಎದುರಿಸಬೇಕು. ಕಲ್ಯಾಣ ಕರ್ನಾಟಕದ ಅನೇಕರು ‘ಈ ಲಾಂಛನಗಳೆಲ್ಲ ಹಳೇ ಮೈಸೂರಿನವು, ನಮ್ಮ ಮೇಲೆ ಹೊರಿಸಿದವು’ ಎನ್ನುತ್ತಾರೆ. ಅನುದಾನದಲ್ಲಿ, ನೀರಾವರಿಯಲ್ಲಿ, ನೌಕರಿಯಲ್ಲಿ ಹಿಂದೆ ಬಿದ್ದವರ ಮಾತಿದು. 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವು, ದೇವದುರ್ಗವೂ ಅವುಗಳಲ್ಲಿ ಒಂದು. ನೋವಿಗೆ ಆಧಾರವಿದೆ. ಆದರೆ ಲಾಂಛನದ ವಿಷಯದಲ್ಲಿ ಆ ಮಾತು ಪುರಾವೆಯ ಮುಂದೆ ನಿಲ್ಲುವುದಿಲ್ಲ. ರಾಜ್ಯ ಲಾಂಛನವನ್ನು ಮೇಲಿನಿಂದ ಕೆಳಕ್ಕೆ ಓದಿ ನೋಡಿ. ತುದಿಯಲ್ಲಿರುವುದು ಅಶೋಕನ ಸಿಂಹಗಳು. ದೇಶದ ಉದ್ದಗಲಕ್ಕೂ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದಷ್ಟೇ ಕಾಣುತ್ತಿದ್ದ ದೊರೆ ಅಶೋಕನೇ ಎಂಬುದಕ್ಕೆ ಶಾಸನದ ಮೊದಲ ನೇರ ಸಾಕ್ಷಿ ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಆ ಬಂಡೆಯನ್ನು ಕಂಡ. ಮುಂದೆ ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿತು, ಆದರೂ ಮೊದಲು ಹೇಳಿದ ಮಾತು ಮಸ್ಕಿಯದು. ದೆಹಲಿಯ ನೋಟಿನ ಮೇಲೂ ಬೆಂಗಳೂರಿನ ಸರ್ಕಾರಿ ಆದೇಶದ ಮೇಲೂ ಕೂತಿರುವ ಸಿಂಹಗಳ ಒಡೆಯನಿಗೆ ಹೆಸರು ಮರಳಿ ಕೊಟ್ಟದ್ದು ಈ ಜಿಲ್ಲೆಯ ಒಂದು ಕಲ್ಲು ಎಂದು ಮಾನ್ವಿಯ ಐದನೆಯ ತರಗತಿಯ ಹುಡುಗಿಗೆ ಗೊತ್ತಾದರೆ, ಅವಳು ಆ ಚಿತ್ರವನ್ನು ನೋಡುವ ಬಗೆಯೇ ಬೇರೆಯಾಗುತ್ತದೆ.

ಸಿಂಹಗಳ ಕೆಳಗಿನ ಗಂಡಭೇರುಂಡವೂ ಅರಮನೆಯಲ್ಲಿ ಹುಟ್ಟಿದ ಹಕ್ಕಿಯಲ್ಲ. ಬಳ್ಳಿಗಾವಿಯಲ್ಲಿ ಚಾಲುಕ್ಯರ ಕಾಲದಲ್ಲಿ, 1047ರಲ್ಲಿ, ಎತ್ತರದ ಕಂಬದ ತುದಿಗೆ ಅದನ್ನು ನಿಲ್ಲಿಸಿದ್ದರು. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳಲ್ಲಿ ಅದು ಕೊಕ್ಕುಗಳಲ್ಲೂ ಉಗುರುಗಳಲ್ಲೂ ಆನೆಗಳನ್ನು ಹಿಡಿದು ಹಾರುತ್ತದೆ. ಇಂದಿನ ರಾಜ್ಯ ಲಾಂಛನದ ಹಕ್ಕಿ ಇಂದಿನ ರಾಜ್ಯಪ್ರಾಣಿಯನ್ನು ಎತ್ತಿಕೊಂಡು ಹೋಗುವ ಆ ನಾಣ್ಯದ ಚಿತ್ರವನ್ನು ಮಕ್ಕಳ ಮುಂದಿಟ್ಟರೆ ಸಾಕು, ಒಂದು ತಾಸಿನ ಪಾಠ ತಾನಾಗಿ ಬೆಳೆಯುತ್ತದೆ. ಒಡೆಯರು ಗಂಡಭೇರುಂಡವನ್ನು ತಮ್ಮದಾಗಿಸಿಕೊಂಡದ್ದು ಅದಕ್ಕೂ ಆಮೇಲೆ. ಆ ವಿಜಯನಗರದ ಅತಿ ದೊಡ್ಡ ಯುದ್ಧಗಳಲ್ಲಿ ಒಂದು ನಡೆದದ್ದು ಈ ನೆಲದಲ್ಲೇ. 1520ರಲ್ಲಿ ಕೃಷ್ಣದೇವರಾಯ ಮತ್ತು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ರಾಯಚೂರಿಗಾಗಿ ಕಾದಾಡಿದರು. ಎರಡು ನದಿಗಳ ನಡುವಿನ ಫಲವತ್ತಾದ ಈ ನಾಡಿಗಾಗಿ ಬಹಮನಿಗಳೂ ವಿಜಯನಗರದವರೂ ಅದಕ್ಕೆ ಮೊದಲೇ ಒಂದೂವರೆ ಶತಮಾನ ರಕ್ತ ಹರಿಸಿದ್ದರು. ಶಾಸನಗಳಲ್ಲಿ ಇದರ ಹಳೆಯ ಹೆಸರು ಎಡೆದೊರೆ ನಾಡು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೇಳುವ ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡಿನಲ್ಲಿ ಇದು ಅಂಚಿನ ಸೀಮೆಯಲ್ಲ, ನಡುಸೀಮೆ. ತಿರುಳ್ಗನ್ನಡದ ಎಲ್ಲೆಯಾಗಿ ಅದು ಹೆಸರಿಸುವ ಕೊಪಣ ಇಂದಿನ ಕೊಪ್ಪಳ, 1997ರವರೆಗೆ ರಾಯಚೂರು ಜಿಲ್ಲೆಯ ಊರು. ದಾಸಸಾಹಿತ್ಯದ ದೊಡ್ಡ ಹೆಸರುಗಳೂ ಇಲ್ಲಿಯವೇ: ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ, ಗೋಪಾಲದಾಸರ ಮೊಸರಕಲ್ಲು. ಹೀಗಿರುವಾಗ ಲಾಂಛನವನ್ನು ಪರಕೀಯ ಎಂದು ಬಿಟ್ಟುಕೊಡುವುದು ನಮ್ಮ ಆಸ್ತಿಯನ್ನು ನಾವೇ ಬೇರೆಯವರ ಹೆಸರಿಗೆ ಬರೆದುಕೊಟ್ಟಂತೆ.

ಜೀವಂತ ಲಾಂಛನಗಳ ಕತೆ ಬೇರೆ. ಅಲ್ಲಿ ಅಸಮಾಧಾನ ಹೇಳುವವರ ಮಾತಿನಲ್ಲಿ ಸತ್ಯಾಂಶ ಹೆಚ್ಚು. 2023ರ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಅವುಗಳ ನೆಲೆ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಕಾವೇರಿಯ ಕಣಿವೆಗಳು. ರಾಯಚೂರಿನ ಬಯಲಿಗೆ ಆನೆ ಬಂದದ್ದು ಸೈನಿಕನಾಗಿ ಮಾತ್ರ. 1520ರ ದಂಡಿನಲ್ಲಿ 551 ಆನೆಗಳಿದ್ದವೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಲೆಕ್ಕ ಕೊಟ್ಟಿದ್ದಾನೆ. ಏಳು ಲಕ್ಷಕ್ಕೂ ಮಿಕ್ಕ ಕಾಲಾಳು ಎಂಬ ಅವನ ಲೆಕ್ಕವನ್ನು ಹಾಗೇ ನಂಬುವುದು ಕಷ್ಟ, ಆನೆಗಳ ಲೆಕ್ಕ ಅದಕ್ಕಿಂತ ನಂಬುವಂತಿದೆ. ಶ್ರೀಗಂಧವೂ ಇಲ್ಲಿನ ಚರಿತ್ರೆಯ ಮರವಲ್ಲ. ಅದನ್ನು ರಾಜವೃಕ್ಷ ಮಾಡಿ ಕಾವಲಿಟ್ಟದ್ದು ಟಿಪ್ಪು, ಅದರ ಎಣ್ಣೆ ಸಾಬೂನುಗಳಿಗೆ ಹೆಸರು ತಂದದ್ದು ಒಡೆಯರ ಮೈಸೂರು. ಬರ್ಡ್‌ವಿಂಗ್ ಚಿಟ್ಟೆ ಪಶ್ಚಿಮಘಟ್ಟದ ಹಸಿರಿನ ಜೀವಿ. ಬೇಸಿಗೆಯಲ್ಲಿ ಕಾದು ಬಿರಿಯುವ ಎರೆ ಭೂಮಿಯಲ್ಲಿ, ಕಂಟಿ ಜಾಲಿಗಳ ಗುಡ್ಡಗಳ ನಡುವೆ ಬೆಳೆಯುವ ಮಗುವಿಗೆ ಇವೆಲ್ಲ ಪುಸ್ತಕದ ಚಿತ್ರಗಳು. ಚಿತ್ರದಿಂದ ಕಲಿಯಬಾರದೆಂದಲ್ಲ. ಆದರೆ ‘ನಮ್ಮ ರಾಜ್ಯದ ಪ್ರಾಣಿ’ ಎಂದು ಹೇಳಿಸಿದ ಪ್ರತಿ ಜೀವಿಯೂ ಮಗುವಿನ ಕಣ್ಣಿಗೆ ಎಂದೂ ಬೀಳದಿದ್ದರೆ, ವನ್ಯಜೀವಿ ಎಂದರೆ ದೂರದ ಸೀಮೆಯಲ್ಲಿ ಇರುವಂಥದ್ದು, ತನ್ನೂರಿನ ಹಳ್ಳದಲ್ಲಿ ಇರುವುದಕ್ಕೆ ಆ ಹೆಸರಿಲ್ಲ ಎಂಬ ತಿಳಿವಳಿಕೆ ಗಟ್ಟಿಯಾಗುತ್ತದೆ. ನನ್ನ ದೊಡ್ಡ ಚಿಂತೆ ಇದೇ.

ಪಟ್ಟಿಯಲ್ಲಿ ಒಂದು ಹೆಸರು ಮಾತ್ರ ಈ ಮಾತಿಗೆ ಹೊರತು, ಅದು ನೀಲಕಂಠ. ಈ ಹಕ್ಕಿಗೆ ದಟ್ಟ ಕಾಡು ಬೇಡ, ತೆರೆದ ಹೊಲ ಬೇಕು. ಕರೆಂಟಿನ ತಂತಿಯ ಮೇಲೆ, ಹೊಲದ ಬದುವಿನ ಒಣಗಿದ ಟೊಂಗೆಯ ಮೇಲೆ ಕೂತಿರುವಾಗ ಕಂದು ಬಣ್ಣದ ಮಂಕು ಹಕ್ಕಿ. ಕೆಳಗೆ ಮಿಡತೆಯನ್ನೋ ಜೀರುಂಡೆಯನ್ನೋ ಕಂಡು ರೆಕ್ಕೆ ಬಿಚ್ಚಿತೆಂದರೆ ತಿಳಿನೀಲಿ, ಕಡುನೀಲಿ ಎರಡೂ ಪಟ್ಟಿಗಳು ಒಮ್ಮೆಗೇ ಬಿಸಿಲಿಗೆ ಹೊಳೆಯುತ್ತವೆ. ಬೇಸಿಗೆಯಲ್ಲಿ ಜೊತೆಗಾತಿಯನ್ನು ಒಲಿಸಲು ಗಂಡುಹಕ್ಕಿ ಮೇಲಕ್ಕೇರಿ ಲಾಗ ಹಾಕುತ್ತ, ಕರ್ಕಶವಾಗಿ ಕೂಗುತ್ತ ಕೆಳಗಿಳಿಯುತ್ತದೆ. ಬೆಳೆ ತಿನ್ನುವ ಹುಳುಗಳನ್ನು ಹಿಡಿಯುವುದರಿಂದ ರೈತನಿಗೂ ನೆಂಟ. ರಾಯಚೂರಿನ ಮಗುವಿಗೆ ರಾಜ್ಯಪಕ್ಷಿಯನ್ನು ತೋರಿಸಲು ಊರಾಚೆಯ ಹೊಲದವರೆಗೆ ನಡೆದರೆ ಸಾಕು. ಇದರ ಚರಿತ್ರೆಯೂ ಪಾಠಕ್ಕೆ ಯೋಗ್ಯವಾದದ್ದು. ಸಲೀಂ ಅಲಿ 1930ರ ದಶಕದ ಆರಂಭದಲ್ಲಿ ನಿಜಾಮರ ರಾಜ್ಯದ ಹಕ್ಕಿಗಳ ಸಮೀಕ್ಷೆ ಮಾಡಿದರು, ಅದರ ವರದಿ ಮುಂಬೈಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಮೈಸೂರಿನ ಹಕ್ಕಿಗಳ ಸಮೀಕ್ಷೆ ಅದಾದ ಕೆಲವು ವರ್ಷಗಳಿಗೆ ನಡೆಯಿತು, ಅದರ ವರದಿ 1940ರ ದಶಕದಲ್ಲಿ ಬೇರೆಯಾಗಿ ಬಂತು. ಹಕ್ಕಿಗೆ ಎಲ್ಲೆ ಇರಲಿಲ್ಲ, ಅದನ್ನು ಎಣಿಸಿದ ಪುಸ್ತಕಗಳಿಗೆ ಇತ್ತು. ಇಂದೂ ಕೃಷ್ಣೆಯಾಚೆಯ ತೆಲಂಗಾಣ ಇದೇ ಹಕ್ಕಿಯನ್ನು ಪಾಲಪಿಟ್ಟ ಎಂದು ಕರೆದು ತನ್ನ ರಾಜ್ಯಪಕ್ಷಿ ಮಾಡಿಕೊಂಡಿದೆ. ದಸರೆಯ ದಿನ ಇದು ಕಣ್ಣಿಗೆ ಬಿದ್ದರೆ ಶುಭ ಎಂಬ ನಂಬಿಕೆ ಅಲ್ಲಿದೆ. ಆ ನಂಬಿಕೆಯ ಬೆನ್ನಿಗೇ, ಹಕ್ಕಿಯನ್ನು ಹಿಡಿದು ಪಂಜರದಲ್ಲಿಟ್ಟು ಕಾಸು ವಸೂಲು ಮಾಡಿ ತೋರಿಸುವ ಕೆಟ್ಟ ರೂಢಿಯೂ ಹೈದರಾಬಾದಿನ ಕಡೆ ಬೆಳೆದಿತ್ತು. ರಾಜ್ಯಪಕ್ಷಿ ಎಂಬ ಬಿರುದು ಹಕ್ಕಿಯನ್ನು ಕಾಯುವುದಿಲ್ಲ, ಅದನ್ನು ಅರಿತ ಜನ ಕಾಯುತ್ತಾರೆ.

ತೆಲಂಗಾಣದ ಹೆಸರು ಬಂದದ್ದರಿಂದ ಇನ್ನೊಂದು ಮಾತು. 2014ರಲ್ಲಿ ಹೊಸ ರಾಜ್ಯವಾದಾಗ ಅದು ಬನ್ನಿ ಮರವನ್ನು ರಾಜ್ಯವೃಕ್ಷವಾಗಿಯೂ, ನಮ್ಮಲ್ಲಿ ತಂಗಡಿ, ಆವರಿಕೆ ಎನ್ನುವ ಹಳದಿ ಹೂವನ್ನು ರಾಜ್ಯಪುಷ್ಪವಾಗಿಯೂ ಆರಿಸಿಕೊಂಡಿತು. ಎರಡೂ ಒಣ ಬಯಲಿನವು, ಹಬ್ಬದಲ್ಲಿ ಜನ ಕೈಯಾರೆ ಮುಟ್ಟುವಂಥವು. ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನುವ ರಾಯಚೂರಿನವರಿಗೆ ಆ ಪಟ್ಟಿ ತಮ್ಮದೇ ಅನ್ನಿಸಿದರೆ ಆಶ್ಚರ್ಯವಿಲ್ಲ. ಕರ್ನಾಟಕ ತನ್ನ ಪಟ್ಟಿಯನ್ನು ಬದಲಿಸಬೇಕೆಂದು ನಾನು ಹೇಳುತ್ತಿಲ್ಲ. ಒಣ ಬಯಲೂ ಲಾಂಛನಕ್ಕೆ ಯೋಗ್ಯ ಎಂಬುದನ್ನು ಪಕ್ಕದ ಮನೆಯವರು ಮಾಡಿ ತೋರಿಸಿದ್ದಾರೆ ಎನ್ನುತ್ತಿದ್ದೇನೆ ಅಷ್ಟೆ.

ಹಾಗಾದರೆ ಈ ನೆಲದ ಸ್ವಂತ ಜೀವಿಗಳು ಯಾವುವು? ಇಲ್ಲಿಯ ಜನ ತಮ್ಮ ಜೊತೆ ಬದುಕಿದ ಪ್ರಾಣಿಗಳನ್ನು ಕಲ್ಲಿನ ಮೇಲೆ ಬರೆದಿಡುವುದನ್ನು ಸಾವಿರಾರು ವರ್ಷಗಳ ಹಿಂದೆಯೇ ಕಲಿತಿದ್ದರು. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲಿ 1950ರ ದಶಕದಲ್ಲಿ ಉತ್ಖನನ ಮಾಡಿದ ಆಲ್ಚಿನ್, ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಕುಟ್ಟಿ ಮೂಡಿಸಿದ ಡುಬ್ಬದ ಎತ್ತುಗಳನ್ನು ದಾಖಲಿಸಿದರು. ಉದ್ದ ಕೊಂಬು, ಎತ್ತಿದ ಡುಬ್ಬ, ನಾಲ್ಕಾರು ಗೆರೆಗಳಲ್ಲೇ ಇಡೀ ಪ್ರಾಣಿ. ರಾಯಚೂರು ಕೋಟೆಗೆ ಬನ್ನಿ. 1294ರಲ್ಲಿ ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ ರೆಡ್ಡಿ ಕಟ್ಟಿಸಿದ ಆ ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ, ಅದರ ಮೇಲೆ ತೆಲುಗು ಶಾಸನವಿದೆ. ಅಷ್ಟು ದೊಡ್ಡ ಕಲ್ಲನ್ನು ತಂದದ್ದು ಹೇಗೆ ಎಂಬುದನ್ನು ಕೋಟೆಯ ಗೋಡೆಯ ಮೇಲಿನ ಚಿತ್ರವೇ ಹೇಳುತ್ತದೆ: ಗಟ್ಟಿ ಗಾಲಿಗಳ ಬಂಡಿ, ಅದನ್ನು ಎಳೆಯುವ ಜಾನುವಾರುಗಳ ಉದ್ದ ಸಾಲು, ಹುರಿದುಂಬಿಸುವ ಆಳುಗಳು, ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವವರು. ಕೋಟೆ ಕಟ್ಟಿದವನ ಹೆಸರಿನ ಜೊತೆಗೆ ಕಲ್ಲು ಎಳೆದ ದನಗಳಿಗೂ ಚರಿತ್ರೆಯಲ್ಲಿ ಜಾಗ ಕೊಟ್ಟ ಶಿಲ್ಪಿ ಅವನು. ರಾಯಚೂರು ನಗರದ ಯಾವ ಶಾಲೆಯಿಂದಲೂ ಮಕ್ಕಳು ಹೋಗಿ ನೋಡಬಹುದಾದ ಪಾಠವಿದು.

ಕಾಡುಪ್ರಾಣಿಗಳ ವಿಷಯಕ್ಕೆ ಬಂದರೆ, ಬಯಲುಸೀಮೆಯ ತೋಳ, ಚಿಗರಿ, ನರಿ, ನವಿಲು, ಕೃಷ್ಣೆಯ ಮೊಸಳೆ, ತುಂಗಭದ್ರೆಯ ನೀರುನಾಯಿ ಈ ಸೀಮೆಯವು. ಇವುಗಳಲ್ಲಿ ಕೆಲವಕ್ಕೆ ನೆರೆಯ ಜಿಲ್ಲೆಗಳು ಆಗಲೇ ಮರ್ಯಾದೆ ಕೊಟ್ಟಿವೆ. ಕಂಪ್ಲಿಯಿಂದ ಮುದ್ಲಾಪುರದವರೆಗಿನ ತುಂಗಭದ್ರೆಯ 34 ಕಿಲೋಮೀಟರ್ ಹರಿವು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವಾಯಿತು. ಗಂಗಾವತಿ ತಾಲೂಕಿನ ಬಂಕಾಪುರ ತೋಳಗಳ ಧಾಮವಾಗಿದೆ. ತುಂಗಭದ್ರೆಯಾಚೆ ಸಿರುಗುಪ್ಪದ ಎರೆ ಬಯಲಿನಲ್ಲಿ ಎರೆಭೂತ ಹಕ್ಕಿಗಳು ಬೆರಳೆಣಿಕೆಯಷ್ಟೇ ಉಳಿದಿವೆ. ಇಡೀ ದೇಶದಲ್ಲೇ ಅಳಿವಿನಂಚಿಗೆ ಬಂದ ಹಕ್ಕಿ ಅದು. ಇವುಗಳ ನೆಲೆ ಕುಗ್ಗಿದ್ದಕ್ಕೂ ಒಂದು ಚರಿತ್ರೆಯಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ನಿಂತು ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರು, ಮಾನ್ವಿಯ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆಮೇಲೆ ನಾರಾಯಣಪುರ ಅಣೆಕಟ್ಟಿನ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ನೀರು ತಂದಿತು. ಜನರ ಬದುಕು ಸುಧಾರಿಸಿತು, ಅದನ್ನು ಅಲ್ಲಗಳೆಯುವವನು ಹಸಿವು ಕಂಡವನಲ್ಲ. ಆದರೆ ಒಣ ಹುಲ್ಲುಗಾವಲನ್ನೇ ನಂಬಿದ್ದ ಚಿಗರಿ, ತೋಳಗಳಿಗೆ ಜಾಗ ಕಿರಿದಾಯಿತು, ಉಳಿದ ಗುಡ್ಡಬಯಲನ್ನು ಬಳ್ಳಾರಿ ಜಾಲಿ ಆಕ್ರಮಿಸಿತು. ನೀರು ಬಂದಾಗ ಏನು ಬಂತು, ಏನು ಹೋಯಿತು ಎಂಬ ಈ ಲೆಕ್ಕ ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನು ಕೇಳಿಯೇ ಬರೆಯಬಹುದಾದ ಚರಿತ್ರೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು, ರಾಜ್ಯದ ಲಾಂಛನ ಇರುವುದೇ ಎಲ್ಲರನ್ನೂ ಒಂದುಗೂಡಿಸಲು, ಪ್ರತಿ ಜಿಲ್ಲೆಯೂ ತನ್ನ ಪ್ರಾಣಿ ತನ್ನ ಹಕ್ಕಿ ಎನ್ನತೊಡಗಿದರೆ ಒಗ್ಗಟ್ಟು ಒಡೆಯುತ್ತದೆ ಎಂಬುದು. ಹುಲಿ ಎಲ್ಲ ಊರಲ್ಲೂ ಇಲ್ಲ, ಆದರೂ ರಾಷ್ಟ್ರಪ್ರಾಣಿಯಲ್ಲವೇ ಎಂದೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಹುಲಿಯನ್ನು ಕಲಿಸುವಾಗ ಅದರ ಜೊತೆಗೆ ರಾಜ್ಯದ ಆನೆಯನ್ನೂ ಕಲಿಸುತ್ತೇವೆ, ಅದರಿಂದ ದೇಶ ಒಡೆದಿಲ್ಲ. ಅದೇ ಏಣಿಗೆ ಕೆಳಗಿನ ಇನ್ನೊಂದು ಮೆಟ್ಟಿಲು ಸೇರಿಸಿದರೆ ರಾಜ್ಯ ಹೇಗೆ ಒಡೆಯುತ್ತದೆ? ಕನ್ನಡಿಗರಿಗೆ ಗೊತ್ತಿರುವ ಕಾಸರಗೋಡನ್ನೇ ನೋಡಿ. 2023ರಲ್ಲಿ ಆ ಜಿಲ್ಲೆ ಕಾಸರಕವನ್ನು ತನ್ನ ಮರವಾಗಿ, ಬಿಳಿಹೊಟ್ಟೆಯ ಕಡಲ ಹದ್ದನ್ನು ತನ್ನ ಹಕ್ಕಿಯಾಗಿ, ಒಂದು ಸ್ಥಳೀಯ ಹೂವನ್ನೂ ಅಪರೂಪದ ದೊಡ್ಡ ಮೆದುಚಿಪ್ಪಿನ ಆಮೆಯನ್ನೂ ತನ್ನ ಜೀವಿಗಳಾಗಿ ಘೋಷಿಸಿಕೊಂಡಿತು. ಇದರಿಂದ ಕೇರಳದ ಆನೆಯ ಮರ್ಯಾದೆಗೆ ಕುಂದು ಬರಲಿಲ್ಲ. ಆಮೆ ಇದೆಯೆಂದೇ ತಿಳಿಯದಿದ್ದ ಮಕ್ಕಳಿಗೆ ಅದರ ಹೆಸರು ಗೊತ್ತಾಯಿತು.

ಎರಡನೆಯ ಆಕ್ಷೇಪ ಇನ್ನೂ ಖಾರವಾದದ್ದು. ತೋಳ ಕುರಿಮರಿ ಎತ್ತಿಕೊಂಡು ಹೋಗುತ್ತದೆ, ಮೊಸಳೆ ಮನುಷ್ಯರನ್ನೇ ಎಳೆಯುತ್ತದೆ, ಇವನ್ನು ಮಕ್ಕಳಿಗೆ ಮೆಚ್ಚಿಸಬೇಕೇ ಎಂದು ಹಾಲುಮತದ ಕುರಿಗಾರರೂ ನದಿದಡದ ರೈತರೂ ಕೇಳಬಹುದು. ನಷ್ಟ ತಿಂದವರ ಪ್ರಶ್ನೆಯಿದು, ಪೇಟೆಯಲ್ಲಿ ಕೂತು ತಳ್ಳಿಹಾಕುವಂತಿಲ್ಲ. ಆದರೆ ಉತ್ತರವೂ ಅದರಲ್ಲೇ ಇದೆ. ಕೃಷ್ಣೆಯ ದಡದ ದೇವದುರ್ಗ, ರಾಯಚೂರು ತಾಲೂಕುಗಳ ಹಳ್ಳಿಗಳಲ್ಲಿ ಮೊಸಳೆ ಪುಸ್ತಕದ ವಿಷಯವಲ್ಲ. ಬೇಸಿಗೆಯಲ್ಲಿ ನದಿ ಬತ್ತಿದಾಗ ಅದು ಉಳಿದ ಮಡುಗಳಲ್ಲಿ ಸೇರಿಕೊಳ್ಳುತ್ತದೆ, ನೆರೆ ಬಂದಾಗ ಹಳ್ಳ, ಕಾಲುವೆ ಹಿಡಿದು ಹೊಲ ಊರುಗಳ ಹತ್ತಿರ ಬರುತ್ತದೆ. ಎಮ್ಮೆ ಮೈ ತೊಳೆಯಲು, ಬಟ್ಟೆ ಒಗೆಯಲು, ಪಂಪ್‌ಸೆಟ್ ನೋಡಲು ನೀರಿಗಿಳಿಯುವ ಮನೆಗಳ ಮಕ್ಕಳಿಗೆ ಮೊಸಳೆ ಯಾವ ಹೊತ್ತಿನಲ್ಲಿ ದಡದಲ್ಲಿ ಬಿಸಿಲು ಕಾಯುತ್ತದೆ, ಯಾವಾಗ ಮರಿಗಳನ್ನು ಕಾಯುತ್ತ ಸಿಟ್ಟಾಗಿರುತ್ತದೆ, ಯಾವ ಮಡುವಿಗೆ ಇಳಿಯಬಾರದು ಎಂಬ ತಿಳಿವಳಿಕೆ ಜೀವ ಉಳಿಸುವಂಥದ್ದು. ಭತ್ತದ ಗದ್ದೆಯ ಇಲಿಗಳ ಹಿಂದೆ ಬರುವ ಕೊಳಕುಮಂಡಲದ ವಿಷಯವೂ ಹಾಗೆಯೇ. ಗುರುತು ಗೊತ್ತಿದ್ದು ನೇರ ಆಸ್ಪತ್ರೆಗೆ ಹೋದವನು ಬದುಕುತ್ತಾನೆ, ಮಂತ್ರ ಹಾಕಿಸುತ್ತ ಕೂತವನು ಹೊತ್ತು ಕಳೆದುಕೊಳ್ಳುತ್ತಾನೆ. ಆನೆಯ ಕಾಲಿನ ಉಗುರು ಎಷ್ಟು ಎಂದು ಕಲಿಸಿ, ಊರ ಮುಂದಿನ ನದಿಯ ಮೊಸಳೆಯ ಬಗ್ಗೆ ಏನೂ ಹೇಳದ ಪಠ್ಯ ಮಕ್ಕಳಿಗೆ ಅನ್ಯಾಯ ಮಾಡುತ್ತದೆ. ತೋಳದ ವಿಷಯದಲ್ಲೂ, ಕುರಿ ಕಳೆದುಕೊಂಡವನಿಗೆ ಪರಿಹಾರ ಸಕಾಲಕ್ಕೆ ಸಿಗಬೇಕೆಂಬುದನ್ನು ಪಾಠದ ಭಾಗವಾಗಿಯೇ ಹೇಳಬೇಕು. ವನ್ಯಜೀವಿ ರಕ್ಷಣೆಯ ಕಾಯ್ದೆ 1972ರಿಂದ ತೋಳವನ್ನು ಕಾಯುತ್ತಿದೆಯೆಂದ ಮೇಲೆ ಕುರಿಗಾರನನ್ನೂ ಕಾಯಬೇಕು. ಎರಡನ್ನೂ ಒಟ್ಟಿಗೆ ಹೇಳಿದಾಗ ಮಾತ್ರ ಮಕ್ಕಳು ನಂಬುತ್ತಾರೆ.

ಮೂರನೆಯದು ಶಿಕ್ಷಕರದು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡಾ 60ನ್ನೂ ಮುಟ್ಟಲಿಲ್ಲ, ರಾಜ್ಯದ ಸರಾಸರಿ 75 ದಾಟಿತ್ತು. ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಶಾಲೆ ಬಿಟ್ಟು ಹೊಲಕ್ಕೆ ಹೋಗುತ್ತಾರೆ, ಗುಳೆ ಹೋಗುವ ಮನೆಗಳ ಮಕ್ಕಳು ಪರೀಕ್ಷೆಗೇ ಸಿಗುವುದಿಲ್ಲ. ಓದು ಬರಹವೇ ಕಷ್ಟವಿರುವಾಗ ತೋಳ, ನೀಲಕಂಠಗಳ ಗೊಡವೆ ಯಾಕೆ ಎಂದು ದಣಿದ ಮೇಷ್ಟ್ರು ಕೇಳಿದರೆ ಅವರನ್ನು ದೂರುವಂತಿಲ್ಲ. ಆದರೆ ಓದು ಹತ್ತದಿರುವುದಕ್ಕೆ ಒಂದು ಕಾರಣ, ಓದುವ ಮಾತಿಗೂ ಬದುಕುವ ಬದುಕಿಗೂ ನಂಟಿಲ್ಲದಿರುವುದೇ. ಶಾಲೆಯ ಜ್ಞಾನವನ್ನು ಶಾಲೆಯಾಚೆಯ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸ್ಪಷ್ಟವಾಗಿಯೇ ಹೇಳಿತ್ತು. ಕುರಿ ಕಾಯಲು ಹೋದ ಹುಡುಗ ತೋಳದ ಹೆಜ್ಜೆಯನ್ನು ನಾಯಿಯ ಹೆಜ್ಜೆಯಿಂದ ಬೇರೆ ಮಾಡಿ ಗುರುತಿಸಬಲ್ಲ. ಆ ಜ್ಞಾನಕ್ಕೆ ಶಾಲೆಯಲ್ಲಿ ಅಂಕವಿಲ್ಲವಾದ್ದರಿಂದ ಅವನು ದಡ್ಡ ಎನಿಸಿಕೊಳ್ಳುತ್ತಾನೆ. ಅವನು ಕಂಡದ್ದನ್ನು ಅವನ ಮಾತಿನಲ್ಲೇ ಬರೆಸಿದರೆ ಅದೇ ಕನ್ನಡ ಪಾಠ, ಅದೇ ಪರಿಸರ ಅಧ್ಯಯನ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಪುಸ್ತಕವೂ ಬೇಡ. ಚಿಣ್ಣರ ಜಿಲ್ಲಾ ದರ್ಶನ, ಚಿಣ್ಣರ ವನ ದರ್ಶನ ಎಂಬ ಸರ್ಕಾರಿ ಯೋಜನೆಗಳು ಹೆಸರಿಗಂತೂ ಇವೆ. ಆ ಬಸ್ಸು ರಾಯಚೂರು ಕೋಟೆಯ ಕಲ್ಲಿನ ಮುಂದೆ, ಮಸ್ಕಿಯ ಬಂಡೆಯ ಮುಂದೆ, ಕೃಷ್ಣೆಯ ದಡದ ಗೂಗಲ್, ಕೊಪ್ಪರಗಳಲ್ಲಿ ಒಂದೊಂದು ತಾಸು ನಿಂತರೆ ಅರ್ಧ ಕೆಲಸ ಮುಗಿಯಿತು.

ಜಿಲ್ಲಾ ಪಂಚಾಯಿತಿಯವರಿಗೂ ಶಿಕ್ಷಣ ಇಲಾಖೆಯವರಿಗೂ ನನ್ನ ಕೋರಿಕೆ ಸಣ್ಣದು. ರಾಯಚೂರು ಜಿಲ್ಲೆಗೆ ತನ್ನದೇ ಒಂದು ಪ್ರಾಣಿ, ಒಂದು ಹಕ್ಕಿ, ಒಂದು ಮರವನ್ನು ಆರಿಸುವ ಕೆಲಸವನ್ನು ಅಧಿಕಾರಿಗಳ ಸಭೆಗೆ ಬಿಡಬೇಡಿ, ಶಾಲೆಗಳಿಗೆ ಬಿಡಿ. ದೇವದುರ್ಗದ ಮಕ್ಕಳು ಮೊಸಳೆ ಎನ್ನಲಿ, ಮಾನ್ವಿಯವರು ಚಿಗರಿ ಎನ್ನಲಿ, ನಗರದವರು ಬೇರೆ ಏನಾದರೂ ಎನ್ನಲಿ. ಯಾಕೆ ಎಂದು ಅರ್ಧ ಪುಟ ಬರೆಯಲಿ, ವಾದ ಮಾಡಲಿ, ಮತ ಹಾಕಲಿ. ಶಿಕ್ಷಕರಲ್ಲೂ ಒಂದು ಮನವಿ. ಮುಂದಿನ ರಾಜ್ಯೋತ್ಸವಕ್ಕೆ ಲಾಂಛನಗಳ ಚಾರ್ಟ್ ಅಂಟಿಸುವಾಗ ಗಂಡಭೇರುಂಡದ ಮೇಲಿನ ಸಿಂಹಗಳ ಪಕ್ಕದಲ್ಲಿ ‘ಮಸ್ಕಿ, 1915’ ಎಂದು ಬರೆಯಿರಿ, ಆನೆಯ ಚಿತ್ರದ ಕೆಳಗೆ ಒಂದು ಖಾಲಿ ಚೌಕ ಬಿಡಿ. ಅದನ್ನು ತುಂಬುವ ಕೆಲಸ ಮಕ್ಕಳದು.